ಮನೆಯ ಫೋಟೊ, ಕಾಗದಪತ್ರ, ದನಿ ಕಳೆದುಹೋಗದ ಹಾಗೆ ಕಾಯುವುದು: ಡಿಸ್ಕ್ ಕೊಳ್ಳುವುದರಿಂದ ಬ್ಯಾಕಪ್ ತನಕ ಸಮಗ್ರ ಮಾರ್ಗದರ್ಶಿ

2020ರ ಮಳೆಗಾಲ. ತುಮಕೂರಿನ ನಮ್ಮ ಮನೆಯಲ್ಲಿ ಮೇಜಿನ ಮೇಲಿದ್ದ ಹಾರ್ಡ್ ಡಿಸ್ಕ್‌ನ ಕೇಬಲ್ ನನ್ನ ಕಾಲಿಗೆ ಸಿಕ್ಕಿಕೊಂಡಿತು. ಡಿಸ್ಕ್ ನೆಲಕ್ಕೆ ಬಿತ್ತು. ಎರಡೂವರೆ ಅಡಿ ಎತ್ತರ, ಅಷ್ಟೇ. ಮತ್ತೆ ಕಂಪ್ಯೂಟರ್‌ಗೆ ಹಾಕಿದಾಗ ಒಳಗಿನಿಂದ ಟಕ್, ಟಕ್ ಅಂತ ಸದ್ದು ಬಂತು. ಫೋಲ್ಡರ್ ತೆರೆಯಲಿಲ್ಲ.

ಅದರೊಳಗೆ ಅಮ್ಮ ಹಾಡಿದ 22 ಪದಗಳಿದ್ದವು. ಸೋಬಾನೆ, ರಾಗಿ ಬೀಸುವ ಪದ, ತೊಟ್ಟಿಲ ಪದ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದೆ. ಫೋನ್ ತುಂಬಿತು ಅಂತ ಡಿಸ್ಕ್‌ಗೆ ಹಾಕಿ, ಫೋನಿನಿಂದ ಅಳಿಸಿದ್ದೆ. ಆ ಹೊತ್ತಿಗೆ ಅಮ್ಮ ತೀರಿಕೊಂಡು ಒಂದು ವರ್ಷವಾಗಿತ್ತು. ಬೆಂಗಳೂರಿನ ಒಂದು ಡೇಟಾ ರಿಕವರಿ ಅಂಗಡಿಗೆ 28 ಸಾವಿರ ರೂಪಾಯಿ ಕೊಟ್ಟ ಮೇಲೆ 9 ಪದ ವಾಪಸ್ ಬಂದವು. ಇನ್ನೂ 4 ಪದ ತಿಪಟೂರಿನ ಅಕ್ಕನ ವಾಟ್ಸಾಪ್‌ನಲ್ಲಿ ಸಿಕ್ಕವು. ಉಳಿದ 9 ಎಲ್ಲೂ ಇಲ್ಲ.

ಅವತ್ತಿನಿಂದ ಈ ವಿಷಯವನ್ನು ಪಟ್ಟು ಹಿಡಿದು ಕಲಿತೆ. ಈಗ ನೆಂಟರು, ಪಕ್ಕದ ಮನೆಯವರು ಬಂದು ಕೇಳುತ್ತಾರೆ: "ಯಾವ ಹಾರ್ಡ್ ಡಿಸ್ಕ್ ಒಳ್ಳೇದು?" ನಾನು ತಿರುಗಿ ಕೇಳುವುದು ಒಂದೇ: "ಆ ಡಿಸ್ಕ್ ಕೆಟ್ಟ ದಿನ ನಿಮ್ಮ ಹತ್ತಿರ ಬೇರೆ ಏನಿರುತ್ತದೆ?" ಎಷ್ಟೇ ದುಡ್ಡು ಕೊಟ್ಟು ತಂದ ಡಿಸ್ಕ್ ಆದರೂ ಒಂದು ದಿನ ಕೆಡುತ್ತದೆ. ಅದು ಕೆಟ್ಟಾಗ ಮನೆಯವರು ಗಾಬರಿಯಾಗದಂತೆ ಏರ್ಪಾಡು ಮಾಡಿಕೊಳ್ಳುವುದು ಹೇಗೆ ಅನ್ನುವುದನ್ನು ಇಲ್ಲಿ ಬರೆದಿದ್ದೇನೆ.

ಮೊದಲ ಹೆಜ್ಜೆ: ಮತ್ತೆ ಸಿಗುವುದು ಯಾವುದು, ಸಿಗದಿರುವುದು ಯಾವುದು

ಅಂಗಡಿಗೆ ಹೋಗುವ ಮೊದಲು ಒಂದು ಭಾನುವಾರ ಕೂತು ಲೆಕ್ಕ ಹಾಕಿ. ಮನೆಯಲ್ಲಿ ಏನೇನಿದೆ? ಎಲ್ಲೆಲ್ಲಿದೆ? ಅಪ್ಪನ ಹಳೇ ಫೋನ್, ಮಗಳ ಲ್ಯಾಪ್‌ಟಾಪ್, ಮದುವೆ ಮನೆಯವರು ಕೊಟ್ಟ ಪೆನ್ ಡ್ರೈವ್, ಬೀರುವಿನಲ್ಲಿರುವ ಡಿವಿಡಿ, ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ.

ಆಮೇಲೆ ಅದನ್ನು ಎರಡು ಭಾಗ ಮಾಡಿ. ಒಂದು, ಕಳೆದರೂ ಮತ್ತೆ ತರಿಸಬಹುದಾದದ್ದು. ಪಹಣಿಯನ್ನು ಭೂಮಿ ತಂತ್ರಾಂಶದಿಂದ ಯಾವಾಗ ಬೇಕಾದರೂ ತೆಗೆಸಬಹುದು. ಆಧಾರ್, ಡ್ರೈವಿಂಗ್ ಲೈಸೆನ್ಸ್ ಡಿಜಿಲಾಕರ್‌ನಲ್ಲಿ ಸಿಗುತ್ತವೆ. ಡೌನ್‌ಲೋಡ್ ಮಾಡಿದ ಸಿನಿಮಾ, ಸಾಫ್ಟ್‌ವೇರ್ ಇವೂ ಅಷ್ಟೇ. ಇನ್ನೊಂದು, ಹೋದರೆ ಹೋಯಿತು ಅನ್ನುವಂಥದ್ದು. ಫೋಟೊ, ವಿಡಿಯೊ, ಹಿರಿಯರ ದನಿ, ತಾತ ಕೈಯಲ್ಲಿ ಬರೆದ ಪಾಲುಪಟ್ಟಿಯ ಸ್ಕ್ಯಾನ್, ಅಂಗಡಿ ಲೆಕ್ಕ, ಮಕ್ಕಳ ಪ್ರಾಜೆಕ್ಟ್ ಕೆಲಸ. ನಿಮ್ಮ ದುಡ್ಡು, ಶ್ರಮ ಎಲ್ಲವೂ ಈ ಎರಡನೆಯದಕ್ಕೆ ಹೋಗಬೇಕು. ಹೀಗೆ ಬೇರೆ ಮಾಡಿದಾಗ ನಮ್ಮ ಮನೆಯ 900 ಜಿಬಿಯಲ್ಲಿ ನಿಜವಾಗಿ ಕಾಯಬೇಕಾದದ್ದು 340 ಜಿಬಿ ಮಾತ್ರ ಅಂತ ಗೊತ್ತಾಯಿತು.

ಅಳತೆಗೆ ಒಂದು ಅಂದಾಜು ಕೊಡುತ್ತೇನೆ. ಫೋನಿನಲ್ಲಿ ತೆಗೆದ ಒಂದು ಫೋಟೊ ಸಾಮಾನ್ಯವಾಗಿ 3ರಿಂದ 5 ಎಂಬಿ ಇರುತ್ತದೆ. ಫುಲ್ ಎಚ್‌ಡಿ ವಿಡಿಯೊ ನಿಮಿಷಕ್ಕೆ 100 ಎಂಬಿ ಆಸುಪಾಸು. 4ಕೆ ವಿಡಿಯೊ ಅದರ ಎರಡು ಮೂರು ಪಟ್ಟು ತಿನ್ನುತ್ತದೆ. ಈಗ ಇರುವುದನ್ನು ಕೂಡಿ, ಅದರ ಎರಡು ಪಟ್ಟು ಜಾಗದ ಡಿಸ್ಕ್ ತೆಗೆದುಕೊಂಡರೆ ಮೂರು ನಾಲ್ಕು ವರ್ಷಕ್ಕೆ ಯೋಚನೆ ಇಲ್ಲ. 1 ಟಿಬಿ ಅಂತ ಬರೆದ ಡಿಸ್ಕ್ ವಿಂಡೋಸ್‌ನಲ್ಲಿ 931 ಜಿಬಿ ಅಂತ ತೋರಿಸಿದರೆ ಮೋಸ ಹೋದೆವು ಅಂದುಕೊಳ್ಳಬೇಡಿ. ಕಂಪನಿಯವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ.

ಎರಡನೇ ಹೆಜ್ಜೆ: ಮೂರು ಪ್ರತಿ, ಎರಡು ಬಗೆ, ಒಂದು ಬೇರೆ ಊರಲ್ಲಿ

ಈ ಕೆಲಸ ಬಲ್ಲವರು ಇದನ್ನು 3-2-1 ನಿಯಮ ಅನ್ನುತ್ತಾರೆ. ಅಮೆರಿಕದ ಫೋಟೊಗ್ರಾಫರ್ ಪೀಟರ್ ಕ್ರೋಗ್ ಅವರಿಂದ ಇದು ಹೆಚ್ಚು ಜನಕ್ಕೆ ತಿಳಿಯಿತು. ಮುಖ್ಯವಾದ ಪ್ರತಿಯೊಂದು ಫೈಲ್‌ಗೂ ಮೂರು ಪ್ರತಿ ಇರಬೇಕು. ಅವು ಕನಿಷ್ಠ ಎರಡು ಬಗೆಯ ಜಾಗದಲ್ಲಿರಬೇಕು. ಒಂದು ಪ್ರತಿ ಮನೆಯಿಂದ ಹೊರಗಿರಬೇಕು.

ನಮ್ಮ ಊರಿನವರಿಗೆ ಇದು ಹೊಸದೇನಲ್ಲ. ಹಿಂದೆ ರಾಗಿಯನ್ನು ಹಗೇವಿನಲ್ಲಿ, ಅಂದರೆ ನೆಲದೊಳಗೆ ತೋಡಿದ ಕಣಜದಲ್ಲಿ, ತುಂಬಿಡುತ್ತಿದ್ದರು. ಆದರೆ ಬಿತ್ತನೆ ರಾಗಿ ಮಾತ್ರ ಹಗೇವಿಗೆ ಹೋಗುತ್ತಿರಲಿಲ್ಲ. ಅದು ಅಟ್ಟದ ಮೇಲೆ ಬೇರೆ ಇರುತ್ತಿತ್ತು. ಹಗೇವಿಗೆ ನೀರು ಹೊಕ್ಕರೂ ಬಿತ್ತೋದಕ್ಕೆ ಕಾಳು ಇರಬೇಕು ಅಂತ ತಾತ ಹೇಳುತ್ತಿದ್ದರು.

ಮನೆಯಲ್ಲೇ ಮೂರು ಪ್ರತಿ ಇದ್ದರೆ ಸಾಲದೇ ಅಂತ ಕೆಲವರು ಕೇಳುತ್ತಾರೆ. ಸಾಲದು. ಕಳ್ಳತನವಾದರೆ ಲ್ಯಾಪ್‌ಟಾಪ್ ಜೊತೆಗೆ ಪಕ್ಕದಲ್ಲಿದ್ದ ಡಿಸ್ಕ್ ಕೂಡ ಹೋಗುತ್ತದೆ. ಮುಂಗಾರಿಗೆ ಮೊದಲಿನ ಗುಡುಗು ಮಳೆ ನಮ್ಮ ಕಡೆ ಹೇಗೆ ಬರುತ್ತದೆ ಅಂತ ನಿಮಗೇ ಗೊತ್ತು. ಒಂದು ಸಿಡಿಲು ಹೊಡೆದು ವೋಲ್ಟೇಜ್ ಏರಿದರೆ ಕಂಪ್ಯೂಟರ್, ಅದಕ್ಕೆ ಚುಚ್ಚಿಟ್ಟ ಡಿಸ್ಕ್ ಎರಡೂ ಒಟ್ಟಿಗೆ ಸುಡಬಹುದು. ರ‍್ಯಾನ್ಸಮ್‌ವೇರ್ ಅನ್ನುವ ವೈರಸ್ ಹೊಕ್ಕರೆ ಚುಚ್ಚಿರುವ ಎಲ್ಲ ಡಿಸ್ಕ್‌ಗಳ ಫೈಲ್‌ಗೂ ಬೀಗ ಹಾಕುತ್ತದೆ. ಹಾಗಾಗಿ ಬ್ಯಾಕಪ್ ಮುಗಿದ ತಕ್ಷಣ ಡಿಸ್ಕ್ ತೆಗೆದು ಬೀರುವಿನಲ್ಲಿಡಿ. ಚುಚ್ಚಿಯೇ ಇಟ್ಟ ಡಿಸ್ಕ್ ಅರ್ಧ ಬ್ಯಾಕಪ್ ಮಾತ್ರ.

ಮೂರನೇ ಹೆಜ್ಜೆ: ಯಾವುದರಲ್ಲಿ ಇಡುವುದು

ಹಾರ್ಡ್ ಡಿಸ್ಕ್. ಒಳಗೆ ತಟ್ಟೆ ತಿರುಗುತ್ತದೆ, ಅದರ ಮೇಲೆ ಕೂದಲೆಳೆಗಿಂತಲೂ ತೀರಾ ಕಡಿಮೆ ಅಂತರದಲ್ಲಿ ಒಂದು ಹೆಡ್ ತೇಲುತ್ತದೆ. ನಡೆಯುತ್ತಿರುವಾಗ ಬಿದ್ದರೆ ಹೆಡ್ ತಟ್ಟೆಗೆ ತಾಗುತ್ತದೆ. ನನ್ನ ಡಿಸ್ಕ್‌ಗೆ ಆದದ್ದು ಅದೇ. ಆದರೂ ಮನೆಯ ಬ್ಯಾಕಪ್‌ಗೆ ಇದೇ ಸರಿ ಅನ್ನುವುದು ನನ್ನ ಅಭಿಪ್ರಾಯ. ಒಂದೊಂದು ಜಿಬಿಗೆ ಬೀಳುವ ಖರ್ಚು ಕಡಿಮೆ. ಕೆಡುವ ಮುಂಚೆ ಎಷ್ಟೋ ಸಲ ಸೂಚನೆ ಕೊಡುತ್ತದೆ. ಕೆಟ್ಟರೂ ಸ್ವಲ್ಪವಾದರೂ ವಾಪಸ್ ಪಡೆಯುವ ದಾರಿ ಇರುತ್ತದೆ.

ಎಸ್‌ಎಸ್‌ಡಿ. ತಿರುಗುವ ಭಾಗವೇ ಇಲ್ಲ. ಬಿದ್ದರೂ ತಡೆಯುತ್ತದೆ, ತುಂಬ ವೇಗ. ದಿನದ ಕೆಲಸಕ್ಕೆ, ಓಡಾಟದಲ್ಲಿ ಒಯ್ಯುವುದಕ್ಕೆ ಇದು ಒಳ್ಳೆಯದು. ಆದರೆ ಇದು ಮಾಹಿತಿಯನ್ನು ವಿದ್ಯುತ್ ಕಣಗಳ ರೂಪದಲ್ಲಿ ಹಿಡಿದಿಡುತ್ತದೆ. ವರ್ಷಗಟ್ಟಲೆ ಕರೆಂಟ್ ಕೊಡದೆ, ಅದರಲ್ಲೂ ಬಿಸಿ ಜಾಗದಲ್ಲಿ ಇಟ್ಟರೆ ಅದು ನಿಧಾನವಾಗಿ ಸೋರಿಹೋಗಬಹುದು. ಸವೆದ ಎಸ್‌ಎಸ್‌ಡಿಗೆ ಈ ಅಪಾಯ ಜಾಸ್ತಿ. ಪಾವಗಡ, ಸಿರಾ ಕಡೆಯವರು ಏಪ್ರಿಲ್ ಬಿಸಿಲನ್ನು ನೆನಪಿಸಿಕೊಳ್ಳಿ. ಎಸ್‌ಎಸ್‌ಡಿಯಲ್ಲಿ ಬ್ಯಾಕಪ್ ಇಟ್ಟಿದ್ದರೆ ಕೆಲವು ತಿಂಗಳಿಗೊಮ್ಮೆ ಚುಚ್ಚಿ ನೋಡಿ. ಇನ್ನೊಂದು ಮಾತು. ಎಸ್‌ಎಸ್‌ಡಿಯಿಂದ ಅಳಿಸಿದ ಫೈಲ್ ಸಾಮಾನ್ಯವಾಗಿ ಮತ್ತೆ ಸಿಗುವುದಿಲ್ಲ. ಖಾಲಿಯಾದ ಜಾಗವನ್ನು ಅದು ತಾನೇ ಒರೆಸಿಬಿಡುತ್ತದೆ.

ಪೆನ್ ಡ್ರೈವ್, ಮೆಮೊರಿ ಕಾರ್ಡ್. ಇವು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವುದಕ್ಕೆ ಮಾತ್ರ. ಮದುವೆ ಫೋಟೊ ಪೆನ್ ಡ್ರೈವ್‌ನಲ್ಲಿ ಬಂದಿದ್ದರೆ ಇವತ್ತೇ ಕಂಪ್ಯೂಟರ್‌ಗೆ ಹಾಕಿಕೊಳ್ಳಿ.

ಡಿವಿಡಿ. ಕಡಿಮೆ ದರದ ಡಿವಿಡಿಗಳ ಬಣ್ಣದ ಪದರ ಹತ್ತು ಹದಿನೈದು ವರ್ಷದಲ್ಲೇ ಹಾಳಾಗುವುದುಂಟು. 2005-2010ರ ಮದುವೆ, ಗೃಹಪ್ರವೇಶದ ಡಿವಿಡಿ ನಿಮ್ಮಲ್ಲಿದ್ದರೆ ಬೇಗ ಕಾಪಿ ಮಾಡಿಕೊಳ್ಳಿ. ಡಿವಿಡಿ ಡ್ರೈವ್ ಇರುವ ಕಂಪ್ಯೂಟರೇ ಈಗ ಅಪರೂಪ. ಹೊರಗಿನಿಂದ ಚುಚ್ಚುವ ಯುಎಸ್‌ಬಿ ಡ್ರೈವ್ ಸಿಗುತ್ತದೆ, ಪರಿಚಯದವರ ಹತ್ತಿರ ಎರವಲು ಕೇಳಿದರೂ ಆದೀತು.

ನ್ಯಾಸ್. ವೈಫೈ ರೂಟರ್‌ಗೆ ಜೋಡಿಸಿ ಮನೆಯವರೆಲ್ಲ ಬಳಸುವ ಪೆಟ್ಟಿಗೆ ಇದು. ಎರಡು ಡಿಸ್ಕ್ ಹಾಕಿದರೆ ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ಬರೆಯುತ್ತದೆ. ಅದಕ್ಕೆ ರೇಡ್ 1 ಅನ್ನುತ್ತಾರೆ. ತುಂಬ ಜನ ಇಲ್ಲೇ ಮೋಸ ಹೋಗುವುದು. ರೇಡ್ ಇದ್ದರೆ ಒಂದು ಡಿಸ್ಕ್ ಸತ್ತರೂ ಕೆಲಸ ನಿಲ್ಲುವುದಿಲ್ಲ, ನಿಜ. ಆದರೆ ನೀವು ಫೋಲ್ಡರ್ ಅಳಿಸಿದರೆ ಅದು ಎರಡರಲ್ಲೂ ಆ ಕ್ಷಣವೇ ಅಳಿಯುತ್ತದೆ. ಹಾಗಾಗಿ ನ್ಯಾಸ್‌ಗೂ ಬೇರೆ ಬ್ಯಾಕಪ್ ಬೇಕು. ಅದಕ್ಕೊಂದು ಯುಪಿಎಸ್ ಬೇಕು, ಯಾಕೆಂದರೆ ಬರೆಯುತ್ತಿರುವಾಗ ಕರೆಂಟ್ ಹೋದರೆ ಕೆಡಬಹುದು. ಅದನ್ನು ಇಂಟರ್‌ನೆಟ್‌ಗೆ ನೇರವಾಗಿ ತೆರೆದಿಡಲೂಬಾರದು. 2022ರಲ್ಲಿ ಡೆಡ್‌ಬೋಲ್ಟ್ ಅನ್ನುವ ರ‍್ಯಾನ್ಸಮ್‌ವೇರ್ ಹಾಗೆ ತೆರೆದಿಟ್ಟ ನ್ಯಾಸ್‌ಗಳಿಗೇ ನುಗ್ಗಿತ್ತು. ನೀವು ಮನೆಯಿಂದಲೇ ಫೋಟೊ, ವಿಡಿಯೊ ಕೆಲಸ ಮಾಡುವವರಾದರೆ ನ್ಯಾಸ್ ತೆಗೆದುಕೊಳ್ಳಿ. ಇಲ್ಲದಿದ್ದರೆ ಅದೇ ದುಡ್ಡಿಗೆ ಎರಡು ಬಾಹ್ಯ ಹಾರ್ಡ್ ಡಿಸ್ಕ್ ಬಂದು ಇನ್ನೂ ದುಡ್ಡು ಉಳಿಯುತ್ತದೆ.

ನಾಲ್ಕನೇ ಹೆಜ್ಜೆ: ಕೊಳ್ಳುವುದು, ಕೊಂಡದ್ದನ್ನು ಪರೀಕ್ಷೆ ಮಾಡುವುದು

ಒಂದೇ ಸಲ ಒಂದೇ ಅಂಗಡಿಯಲ್ಲಿ ಒಂದೇ ಕಂಪನಿಯ ಎರಡು ಡಿಸ್ಕ್ ತರಬೇಡಿ. ಒಂದೇ ಬ್ಯಾಚಿನವು ಒಂದೇ ದೋಷದಿಂದ ಹತ್ತಿರ ಹತ್ತಿರದಲ್ಲೇ ಕೆಡುವ ಸಂಭವವಿದೆ. ಬೇರೆ ಬೇರೆ ಕಂಪನಿಯದು ತನ್ನಿ. ಸಾಧ್ಯವಾದರೆ ನಾಲ್ಕೈದು ತಿಂಗಳ ಅಂತರದಲ್ಲಿ ತನ್ನಿ.

ತುಮಕೂರಿನಲ್ಲೇ ಕೊಳ್ಳಿ, ಬೆಂಗಳೂರಿನ ಎಸ್‌ಪಿ ರಸ್ತೆಗೇ ಹೋಗಿ, ಆನ್‌ಲೈನ್‌ನಲ್ಲೇ ತರಿಸಿ. ಸೀರಿಯಲ್ ನಂಬರ್ ಬರೆದ ಬಿಲ್ ಮಾತ್ರ ಕೇಳಿ ಪಡೆಯಿರಿ. ಮನೆಗೆ ಬಂದ ಕೂಡಲೇ ಆ ನಂಬರನ್ನು ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿ, ವಾರಂಟಿ ಎಷ್ಟಿದೆ ನೋಡಿ. ಹೊಸದು ಅಂತ ಕೊಂಡ ಡಿಸ್ಕ್‌ಗೆ ವಾರಂಟಿಯೇ ಇಲ್ಲ ಅಂತ ತೋರಿಸಿದರೆ ಅವತ್ತೇ ವಾಪಸ್ ಕೊಡಿ. ವಾರಂಟಿ ಅಂದರೆ ಏನು ಅನ್ನುವುದೂ ತಿಳಿದಿರಲಿ. ಡಿಸ್ಕ್ ಕೆಟ್ಟರೆ ಇನ್ನೊಂದು ಡಿಸ್ಕ್ ಕೊಡುತ್ತಾರೆ. ಒಳಗಿದ್ದದ್ದನ್ನು ಕೊಡುವುದಿಲ್ಲ.

10 ಟಿಬಿ, 16 ಟಿಬಿ ಪೆನ್ ಡ್ರೈವ್ ಸಾವಿರ ರೂಪಾಯಿಗೆ ಅಂತ ಜಾಹೀರಾತು ಕಂಡರೆ ಹತ್ತಿರವೂ ಹೋಗಬೇಡಿ. ಅವು ನಕಲಿ. ಒಳಗೆ ಇರುವುದು 32 ಅಥವಾ 64 ಜಿಬಿ, ಹೊರಗೆ ತೋರಿಸುವುದು ಮಾತ್ರ ಟಿಬಿ ಲೆಕ್ಕ. ಅಷ್ಟು ತುಂಬಿದ ಮೇಲೆ ಹಾಕಿದ ಫೈಲ್‌ಗಳು ಹೆಸರಿಗೆ ಇರುತ್ತವೆ, ತೆರೆಯುವುದಿಲ್ಲ.

ಹೊಸ ಡಿಸ್ಕ್‌ಗೆ ತಕ್ಷಣ ಫೋಟೊ ಹಾಕಬೇಡಿ. ಮೊದಲು ಪೂರ್ತಿ ತುಂಬಿಸಿ ಪರೀಕ್ಷೆ ಮಾಡಿ. ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ, ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ಎಫ್3 ಅನ್ನುವ ಉಚಿತ ತಂತ್ರಾಂಶಗಳಿವೆ. ಇವು ಡಿಸ್ಕ್ ತುಂಬ ಬರೆದು, ಮತ್ತೆ ಓದಿ, ಎಲ್ಲ ಸರಿಯಿದೆಯಾ ಅಂತ ಹೇಳುತ್ತವೆ. 2 ಟಿಬಿ ಡಿಸ್ಕ್‌ಗೆ ಬರೆಯಲು ಸುಮಾರು ಐದು ಗಂಟೆ, ಓದಲು ಅಷ್ಟೇ ಹೊತ್ತು ಬೇಕು. ರಾತ್ರಿ ಹಚ್ಚಿ ಮಲಗಿಬಿಡಿ. ಆಮೇಲೆ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಅನ್ನುವ ತಂತ್ರಾಂಶದಲ್ಲಿ ಡಿಸ್ಕ್‌ನ ಆರೋಗ್ಯ ನೋಡಿ. ರೀಅಲೊಕೇಟೆಡ್ ಸೆಕ್ಟರ್, ಪೆಂಡಿಂಗ್ ಸೆಕ್ಟರ್ ಅನ್ನುವ ಸಾಲುಗಳು ಡಿಸ್ಕ್‌ನಲ್ಲಿ ಕೆಟ್ಟ, ಕೆಟ್ಟಿರಬಹುದಾದ ಜಾಗಗಳ ಲೆಕ್ಕ. ಅವುಗಳ ಮುಂದೆ ಸೊನ್ನೆ ಇರಬೇಕು. ಮುಂದೆ ಯಾವತ್ತಾದರೂ ಆ ಸಂಖ್ಯೆ ಏರತೊಡಗಿದರೆ ಡಿಸ್ಕ್‌ಗೆ ನಿವೃತ್ತಿ ಕೊಡುವ ಹೊತ್ತು ಬಂತು ಅಂತಲೇ ಅರ್ಥ.

ಫಾರ್ಮ್ಯಾಟ್, ಅಂದರೆ ಡಿಸ್ಕ್‌ನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ಪದ್ಧತಿ, ಅದರ ವಿಷಯ ಬೇಗ ಹೇಳಿಬಿಡುತ್ತೇನೆ. ಬರೀ ವಿಂಡೋಸ್ ಬಳಸುವವರಿಗೆ ಎನ್‌ಟಿಎಫ್‌ಎಸ್. ಮ್ಯಾಕ್‌ನಲ್ಲೂ ಬಳಸಬೇಕಾದರೆ ಎಕ್ಸ್‌ಫ್ಯಾಟ್. ಫ್ಯಾಟ್32 ಬೇಡ, ಅದರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಸುವುದಿಲ್ಲ. ನೀಲಿ ತುದಿಯ ಯುಎಸ್‌ಬಿ 3 ಪೋರ್ಟಿಗೇ ಚುಚ್ಚಿ. 500 ಜಿಬಿ ಅಲ್ಲಿ ಒಂದೂಕಾಲು ಗಂಟೆಯಲ್ಲಿ ಮುಗಿದರೆ, ಹಳೇ ಯುಎಸ್‌ಬಿ 2ರಲ್ಲಿ ನಾಲ್ಕು ಗಂಟೆ ಹಿಡಿಯುತ್ತದೆ.

ಐದನೇ ಹೆಜ್ಜೆ: ಒಂದೇ ಫೋಲ್ಡರಿಗೆ ತರುವುದು

ಹತ್ತು ಕಡೆ ಚೆಲ್ಲಾಡಿದ್ದನ್ನು ಬ್ಯಾಕಪ್ ಮಾಡಲು ಆಗುವುದಿಲ್ಲ. ಕಂಪ್ಯೂಟರಿನಲ್ಲಿ "ಮನೆ" ಅಂತ ಒಂದು ಫೋಲ್ಡರ್ ಮಾಡಿ. ಅದರೊಳಗೆ ಫೋಟೊ, ದನಿ, ಕಾಗದಪತ್ರ, ಲೆಕ್ಕ ಅಂತ ನಾಲ್ಕು. ಫೋಟೊಗಳನ್ನು ವರ್ಷದ ಪ್ರಕಾರ ಇಡಿ. ಒಳಗಿನ ಫೋಲ್ಡರಿಗೆ ಇಸವಿ, ತಿಂಗಳು, ದಿನ ಮೊದಲು ಬರುವಂತೆ ಹೆಸರು ಕೊಡಿ: 2018-05-12 ಗುಬ್ಬಿ ಮನೆ ನಾಮಕರಣ. ಹೀಗಿದ್ದರೆ ಫೋಲ್ಡರ್‌ಗಳು ತಾವೇ ಕ್ರಮವಾಗಿ ನಿಲ್ಲುತ್ತವೆ.

ಫೋನಿನಿಂದ ಕೇಬಲ್ ಹಾಕಿ, ಕ್ಯಾಮೆರಾದಲ್ಲಿ ತೆಗೆದದ್ದೆಲ್ಲ ಇರುವ ಡಿಸಿಐಎಂ (DCIM) ಫೋಲ್ಡರನ್ನು ಪೂರ್ತಿ ಎಳೆದುಕೊಳ್ಳಿ. ವಾಟ್ಸಾಪ್‌ನ ಫೋಟೊ ಬೇರೆ ಫೋಲ್ಡರಿನಲ್ಲಿರುತ್ತವೆ, ಮರೆಯಬೇಡಿ. ಇಲ್ಲಿ ಒಂದು ಎಚ್ಚರಿಕೆ. ವಾಟ್ಸಾಪ್‌ನಲ್ಲಿ ಸುಮ್ನೆ ಕಳಿಸಿದ ಫೋಟೊ ಕುಗ್ಗುತ್ತದೆ, ಅದನ್ನು ತೆಗೆದ ದಿನಾಂಕವೂ ಒಳಗಿನಿಂದ ಹೋಗುತ್ತದೆ. ನೆಂಟರ ಹತ್ತಿರ ಒಳ್ಳೆಯ ಫೋಟೊ ಇದ್ದರೆ ಡಾಕ್ಯುಮೆಂಟ್ ಆಗಿ ಕಳಿಸಿ ಅಂತ ಕೇಳಿ. ಆಗ ಮೂಲ ಫೈಲ್ ಹಾಗೆಯೇ ಬರುತ್ತದೆ.

ಕನ್ನಡದಲ್ಲಿ ಟೈಪ್ ಮಾಡಿದ ಹಳೇ ಫೈಲ್‌ಗಳ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ ಯುನಿಕೋಡ್ ಬಳಕೆಗೆ ಬರುವ ಮುಂಚೆ 'ನುಡಿ', 'ಬರಹ' ಅನ್ನುವ ತಂತ್ರಾಂಶಗಳ ಹಳೇ ಫಾಂಟ್‌ಗಳಲ್ಲಿ ನಾವೆಲ್ಲ ಟೈಪ್ ಮಾಡಿದ್ದೇವೆ, ಅಲ್ವಾ? ಆ ಫೈಲ್ ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳು ಮತ್ತು ಗುರುತುಗಳು. ಫಾಂಟ್ ಇದ್ದಾಗ ಮಾತ್ರ ಕನ್ನಡವಾಗಿ ಕಾಣುತ್ತದೆ. ಫೈಲನ್ನು ಹತ್ತು ಡಿಸ್ಕ್‌ನಲ್ಲಿ ಇಟ್ಟರೂ, ಫಾಂಟ್ ಇಲ್ಲದ ಹೊಸ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಗುರುತುಗಳೇ ಬರುತ್ತವೆ. ಅಪ್ಪ ಬರೆದಿಟ್ಟಿದ್ದ ವಂಶಾವಳಿ ನಮಗೆ ಹಾಗೇ ಸಿಕ್ಕಿತು. ಆ ಫಾಂಟ್ ಹಾಕಿಸಿಕೊಂಡ ಮೇಲೆ ಓದಲು ಬಂತು. ಹಾಗಾಗಿ ಅಂಥ ಫೈಲ್‌ಗಳನ್ನು ಕನ್ವರ್ಟರ್ ಬಳಸಿ ಯುನಿಕೋಡ್‌ಗೆ ಬದಲಿಸಿ. ಜೊತೆಗೆ ಪಿಡಿಎಫ್ ಒಂದನ್ನೂ ಮಾಡಿಡಿ. ಮೂಲ ಫೈಲನ್ನು, ಫಾಂಟನ್ನು ಅದೇ ಫೋಲ್ಡರಿನಲ್ಲಿ ಉಳಿಸಿಕೊಳ್ಳಿ. ಬದಲಿಸುವಾಗ ಒತ್ತಕ್ಷರ, ಅರ್ಕಾವತ್ತು ತಪ್ಪುವುದುಂಟು. ಒಮ್ಮೆ ಕಣ್ಣಾಡಿಸಿ.

ಕಾಗದಪತ್ರ ಸ್ಕ್ಯಾನ್ ಮಾಡುವಾಗ ಸ್ಪಷ್ಟತೆಯ ಅಳತೆಯನ್ನು 300 ಡಿಪಿಐಗೆ ಇಡಿ. ಕ್ರಯಪತ್ರದ ಹಿಂಬದಿಯ ಸೀಲು, ಸಹಿಗಳನ್ನೂ ಸ್ಕ್ಯಾನ್ ಮಾಡಿ. ಸ್ಕ್ಯಾನ್ ಇದೆ ಅಂತ ಮೂಲ ಪತ್ರವನ್ನು ಮಾತ್ರ ಎಂದೂ ಎಸೆಯಬೇಡಿ.

ಆರನೇ ಹೆಜ್ಜೆ: ಬ್ಯಾಕಪ್ ಮಾಡುವುದು

ಎರಡು ಡಿಸ್ಕ್‌ಗೂ ಬಣ್ಣದ ಚೀಟಿ ಅಂಟಿಸಿ. ನಮ್ಮಲ್ಲಿ ಒಂದು ಹಳದಿ, ಒಂದು ಕೆಂಪು. ಒಂದು ತುಮಕೂರಿನ ಮನೆಯ ಬೀರುವಿನಲ್ಲಿ, ಇನ್ನೊಂದು ಸುಮಾರು 20 ಕಿಲೋಮೀಟರ್ ದೂರದ ಗುಬ್ಬಿ ಕಡೆಯ ನಮ್ಮ ಊರಿನ ಮನೆಯಲ್ಲಿ ಇರುತ್ತದೆ. ತಿಂಗಳ ಮೊದಲ ಭಾನುವಾರ ಇಲ್ಲಿರುವ ಡಿಸ್ಕ್‌ಗೆ ಬ್ಯಾಕಪ್. ಸಂಕ್ರಾಂತಿ, ಯುಗಾದಿ, ಗೌರಿ ಹಬ್ಬ, ದೀಪಾವಳಿಗೆ ಊರಿಗೆ ಹೋಗುವಾಗ ಇಲ್ಲಿನ ಡಿಸ್ಕ್ ಒಯ್ದು ಅಲ್ಲಿನದನ್ನು ತರುವುದು. ಹಬ್ಬ ಯಾರಿಗೂ ಮರೆಯುವುದಿಲ್ಲ. ಹಾಗಾಗಿ ಇದೂ ಮರೆಯುವುದಿಲ್ಲ. ನಿಮಗೆ ಹಳ್ಳಿ ಮನೆ ಇಲ್ಲದಿದ್ದರೆ ಅಕ್ಕನ ಮನೆ, ಅಂಗಡಿ, ಆಫೀಸಿನ ಬೀಗ ಹಾಕುವ ಡ್ರಾಯರ್ ಯಾವುದಾದರೂ ಆದೀತು.

ಒಯ್ಯುವಾಗ ಡಿಸ್ಕನ್ನು ಬಟ್ಟೆಯಲ್ಲಿ ಸುತ್ತಿ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಹಾಕಿ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಡಬೇಡಿ. ಊರಿನಲ್ಲಿ ಒಲೆ, ಸ್ಪೀಕರ್, ಹೆಂಚಿನ ಕೆಳಗಿನ ಅಟ್ಟ ಇವುಗಳಿಂದ ದೂರ ಇಡಿ.

ಕಾಪಿ, ಪೇಸ್ಟ್ ಮಾಡುತ್ತಾ ಕೂತರೆ ಯಾವುದು ಹಳೆಯದು, ಯಾವುದು ಹೊಸದು ಗೊಂದಲವಾಗುತ್ತದೆ. ವಿಂಡೋಸ್‌ನವರಿಗೆ ನಾನು ಹೇಳುವುದು ಫ್ರೀಫೈಲ್‌ಸಿಂಕ್. ಉಚಿತ. ಎಡಗಡೆ ನಿಮ್ಮ "ಮನೆ" ಫೋಲ್ಡರ್, ಬಲಗಡೆ ಡಿಸ್ಕ್. ಕಂಪೇರ್ ಒತ್ತಿದರೆ ಏನು ಬದಲಾಗಿದೆ ಅಂತ ಪಟ್ಟಿ ತೋರಿಸುತ್ತದೆ. ಇಲ್ಲಿ ಮಿರರ್ ಅನ್ನುವ ಆಯ್ಕೆಯಲ್ಲಿ ಎಚ್ಚರ ಬೇಕು. ಕಂಪ್ಯೂಟರಿನಲ್ಲಿ ಅಳಿಸಿದ್ದನ್ನು ಅದು ಡಿಸ್ಕ್‌ನಲ್ಲೂ ಅಳಿಸುತ್ತದೆ. ಸೆಟ್ಟಿಂಗ್‌ನಲ್ಲಿ ವರ್ಷನಿಂಗ್ ಆರಿಸಿ ಒಂದು ಫೋಲ್ಡರ್ ತೋರಿಸಿದರೆ ಅಳಿಸಿದ, ಬದಲಾದ ಫೈಲ್‌ಗಳ ಹಳೇ ಪ್ರತಿಗಳು ಅಲ್ಲಿ ಉಳಿಯುತ್ತವೆ. ಪಟ್ಟಿಯಲ್ಲಿ ಅಳಿಸಬೇಕಾದ ಫೈಲ್‌ಗಳ ಸಂಖ್ಯೆ ಇದ್ದಕ್ಕಿದ್ದಂತೆ ಸಾವಿರಗಟ್ಟಲೆ ಕಂಡರೆ ಮುಂದುವರಿಯಬೇಡಿ. ಏನೋ ತಪ್ಪಾಗಿದೆ. ಮ್ಯಾಕ್‌ನವರಿಗೆ ಟೈಮ್ ಮಷಿನ್ ಅನ್ನುವ ಬ್ಯಾಕಪ್ ತಂತ್ರಾಂಶ ಜೊತೆಯಲ್ಲೇ ಬರುತ್ತದೆ. ಲಿನಕ್ಸ್ ಬಳಸುವವರಿಗೆ ಆರ್‌ಸಿಂಕ್ ಹೊಸದಾಗಿ ಹೇಳಬೇಕಿಲ್ಲ.

ಮುಗಿದ ಮೇಲೆ ಸೇಫ್ಲಿ ರಿಮೂವ್ ಮಾಡಿಯೇ ಕೇಬಲ್ ತೆಗೆಯಿರಿ. ಡಿಸ್ಕ್ ನಡೆಯುತ್ತಿರುವಾಗ ನೆಲದ ಮೇಲೋ, ಗೋಡೆಗೆ ಒತ್ತಿದ ಮೇಜಿನ ಒಳಭಾಗದಲ್ಲೋ ಇರಲಿ. ಕೇಬಲ್ ಯಾರೂ ಓಡಾಡುವ ದಾರಿಗೆ ಅಡ್ಡ ಬರಬಾರದು.

ಏಳನೇ ಹೆಜ್ಜೆ: ಕ್ಲೌಡ್

ಇನ್ನೊಂದು ಪ್ರತಿ ಕ್ಲೌಡ್‌ನಲ್ಲಿ, ಅಂದರೆ ಇಂಟರ್‌ನೆಟ್ ಮೂಲಕ ಕಂಪನಿಯೊಂದರ ಕಂಪ್ಯೂಟರುಗಳಲ್ಲಿ, ಇದ್ದರೆ ಒಳ್ಳೆಯದು. ಗೂಗಲ್ 15 ಜಿಬಿ ಉಚಿತ ಕೊಡುತ್ತದೆ, ಆದರೆ ಜಿಮೇಲ್, ಡ್ರೈವ್, ಫೋಟೊಸ್ ಮೂರೂ ಅದರಲ್ಲೇ ಹಂಚಿಕೊಳ್ಳಬೇಕು. 2021ರ ಜೂನ್ 1ರಿಂದ ಹಾಕಿದ ಫೋಟೊಗಳೆಲ್ಲ ಈ ಲೆಕ್ಕಕ್ಕೆ ಸೇರುತ್ತವೆ. ಆಪಲ್‌ನ ಐಕ್ಲೌಡ್, ಮೈಕ್ರೋಸಾಫ್ಟ್‌ನ ಒನ್‌ಡ್ರೈವ್ 5 ಜಿಬಿ ಕೊಡುತ್ತವೆ. ಜಾಗ ಸಾಲದಿದ್ದರೆ ಎಲ್ಲವನ್ನೂ ಹಾಕಲು ಹೊರಡಬೇಡಿ. ಕಾಗದಪತ್ರ, ದನಿ, ಆರಿಸಿದ ಫೋಟೊ ಮೊದಲು. ದೊಡ್ಡ ವಿಡಿಯೊಗಳಿಗೆ ಎರಡು ಡಿಸ್ಕ್ ಸಾಕು.

ಎರಡು ತಪ್ಪುಗಳನ್ನು ನಾನು ಪದೇ ಪದೇ ನೋಡುತ್ತೇನೆ. ಗೂಗಲ್ ಫೋಟೊಸ್‌ನಲ್ಲಿ ಫೋಟೊ ಅಳಿಸಿದರೆ ಫೋನಿನಲ್ಲೂ ಕ್ಲೌಡ್‌ನಲ್ಲೂ ಹೋಗುತ್ತದೆ. ಅದು ಕಸದಬುಟ್ಟಿಯಲ್ಲಿ 60 ದಿನ ಇರುತ್ತದೆ, ಆಮೇಲೆ ಇಲ್ಲ. ಇನ್ನೊಂದು, ಜಾಗ ಖಾಲಿ ಮಾಡು ಅನ್ನುವ ಬಟನ್. ಅದನ್ನು ಒತ್ತಿದ ಮೇಲೆ ಫೋನಿನ ಪ್ರತಿ ಹೋಗಿ, ಕ್ಲೌಡ್‌ನದೇ ಏಕೈಕ ಪ್ರತಿಯಾಗುತ್ತದೆ. ಡಿಸ್ಕ್‌ಗೆ ಹಾಕಿಕೊಳ್ಳುವ ಮೊದಲು ಅದನ್ನು ಒತ್ತಬೇಡಿ. ಸ್ಟೋರೇಜ್ ಸೇವರ್ ಆಯ್ಕೆಯಲ್ಲಿ ಫೋಟೊ, ವಿಡಿಯೊ ಕುಗ್ಗುತ್ತವೆ. ಮೂಲದ ಗುಣಮಟ್ಟ ಬೇಕಾದರೆ ಒರಿಜಿನಲ್ ಕ್ವಾಲಿಟಿ ಆರಿಸಿ.

ಅಪ್‌ಲೋಡ್‌ಗೆ ತಾಳ್ಮೆ ಬೇಕು. 50 ಎಂಬಿಪಿಎಸ್ ವೇಗ ಇದ್ದರೆ 300 ಜಿಬಿಗೆ ಹೆಚ್ಚುಕಡಿಮೆ 14 ಗಂಟೆ. 10 ಎಂಬಿಪಿಎಸ್ ಆದರೆ ಮೂರು ದಿನದ ಹತ್ತಿರ. ದಿನಾ ರಾತ್ರಿ ಸ್ವಲ್ಪ ಸ್ವಲ್ಪ ಹೋಗಲಿ.

ಖಾತೆಗೆ ಎರಡು ಹಂತದ ಭದ್ರತೆ ಹಾಕಿ. ಆದರೆ ಒಟಿಪಿ ಬರುವ ಫೋನೇ ಕಳೆದರೆ? ಅದಕ್ಕಾಗಿ ಗೂಗಲ್ 10 ಬ್ಯಾಕಪ್ ಕೋಡ್ ಕೊಡುತ್ತದೆ. ಪ್ರಿಂಟ್ ತೆಗೆದು ಕ್ರಯಪತ್ರದ ಜೊತೆ ಇಡಿ. ಎರಡು ವರ್ಷ ಮುಟ್ಟದ ವೈಯಕ್ತಿಕ ಖಾತೆಯನ್ನು ಗೂಗಲ್ ಅಳಿಸಬಹುದು. ಅಪ್ಪ, ಅಮ್ಮನ ಹೆಸರಿನ ಹಳೇ ಖಾತೆ ಇದ್ದರೆ ಆಗಾಗ ತೆರೆಯಿರಿ.

ಎಂಟನೇ ಹೆಜ್ಜೆ: ಬೀಗ

ಡಿಸ್ಕ್ ಕಳುವಾದರೆ ಅದರಲ್ಲಿರುವ ಆಧಾರ್, ಬ್ಯಾಂಕ್ ವಿವರ ಎಲ್ಲ ಕಳ್ಳನ ಕೈಗೆ ಸಿಗುತ್ತದೆ. ವಾರಂಟಿಗೆ ಕೊಟ್ಟ ಡಿಸ್ಕ್ ಕೂಡ ಅಷ್ಟೇ, ನಿಮ್ಮ ಮಾಹಿತಿಯ ಸಮೇತ ಹೋಗುತ್ತದೆ. ಪಾಸ್‌ವರ್ಡ್ ಇಲ್ಲದೆ ತೆರೆಯದಂತೆ ಬೀಗ ಹಾಕುವುದಕ್ಕೆ ವಿಂಡೋಸ್ ಪ್ರೊದಲ್ಲಿ ಬಿಟ್‌ಲಾಕರ್, ಉಳಿದವರಿಗೆ ವೆರಾಕ್ರಿಪ್ಟ್ ಅನ್ನುವ ತಂತ್ರಾಂಶ ಇದೆ. ಆದರೆ ಪಾಸ್‌ವರ್ಡ್ ಮರೆತರೆ ಯಾರಿಂದಲೂ ತೆರೆಯಲು ಆಗುವುದಿಲ್ಲ. ನನ್ನ ಸಲಹೆ ಇದು: ಕಾಗದಪತ್ರದ ಫೋಲ್ಡರಿಗೆ ಮಾತ್ರ ಬೀಗ ಹಾಕಿ. ಫೋಟೊ, ದನಿ ಬೀಗವಿಲ್ಲದೆ ಇರಲಿ. ಮನೆಯ ಯಾರೇ ಚುಚ್ಚಿದರೂ ಅವು ತೆರೆಯಬೇಕು.

ಹೊಸ ವಿಂಡೋಸ್ 11 ಲ್ಯಾಪ್‌ಟಾಪ್‌ಗಳಲ್ಲಿ ನಿಮಗೆ ಗೊತ್ತಿಲ್ಲದೆಯೇ ಈ ಬೀಗ ಬಿದ್ದಿರಬಹುದು. ಅದರ 48 ಅಂಕಿಯ ರಿಕವರಿ ಕೀ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ರಿಪೇರಿಗೆ ಕೊಡುವ ಮೊದಲು ಬರೆದುಕೊಳ್ಳಿ.

ಒಂಬತ್ತನೇ ಹೆಜ್ಜೆ: ವಾಪಸ್ ತೆಗೆದು ನೋಡುವುದು

ಬ್ಯಾಕಪ್ ಮಾಡಿದ್ದೇನೆ ಅನ್ನುವವರಲ್ಲಿ ಹೆಚ್ಚಿನವರು ಅದನ್ನು ಒಮ್ಮೆಯೂ ತೆರೆದು ನೋಡಿರುವುದಿಲ್ಲ. ನಾವು ವರ್ಷಕ್ಕೊಮ್ಮೆ ಆಯುಧಪೂಜೆಯ ದಿನ ನೋಡುತ್ತೇವೆ. ಗಾಡಿ, ಕಂಪ್ಯೂಟರ್ ಒರೆಸುವ ಹೊತ್ತಿಗೆ ಡಿಸ್ಕ್ ಕೂಡ ಹೊರಗೆ ಬರುತ್ತದೆ. ಬೇರೆ ಕಂಪ್ಯೂಟರಿಗೆ ಚುಚ್ಚಿ, ಬೇರೆ ಬೇರೆ ವರ್ಷದ ಹತ್ತು ಹದಿನೈದು ಫೈಲ್ ತೆರೆಯಿರಿ. ವಿಡಿಯೊವನ್ನು ಮಧ್ಯಕ್ಕೆ ಓಡಿಸಿ ನೋಡಿ. ದನಿಯ ಫೈಲನ್ನು ಕೊನೆ ತನಕ ಕೇಳಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೊದ ಸಂಖ್ಯೆಗಳನ್ನು ಹೋದ ವರ್ಷದ್ದರ ಪಕ್ಕ ಬರೆಯಿರಿ. ಐದು ವರ್ಷ ದಾಟಿದ ಡಿಸ್ಕನ್ನು ಚೆನ್ನಾಗಿದ್ದರೂ ನಾನು ಬದಲಿಸುತ್ತೇನೆ. ಹಳೆಯದನ್ನು ಹೆಚ್ಚುವರಿ ಪ್ರತಿಯಾಗಿ ಇಟ್ಟುಕೊಳ್ಳುತ್ತೇನೆ.

ಅಷ್ಟರಲ್ಲಿ ಡಿಸ್ಕ್ ಕೆಟ್ಟರೆ

ಟಕ್ ಟಕ್ ಸದ್ದು ಬಂದರೆ ತಕ್ಷಣ ಕೇಬಲ್ ತೆಗೆಯಿರಿ. ಮತ್ತೆ ಮತ್ತೆ ಚುಚ್ಚಿ ನೋಡಬೇಡಿ. ನಾನು ಐದಾರು ಸಲ ಚುಚ್ಚಿ ನೋಡಿದ್ದೆ. ಪ್ರತಿ ಸಲವೂ ತಟ್ಟೆ ಇನ್ನಷ್ಟು ಗೀಚಿರಬೇಕು ಅಂತ ಆಮೇಲೆ ತಿಳಿಯಿತು. ಫ್ರಿಜ್ಜಿನಲ್ಲಿಟ್ಟರೆ ಸರಿಹೋಗುತ್ತದೆ ಅನ್ನುವ ಮಾತು ಕೇಳಬೇಡಿ. ಸ್ಕ್ರೂ ಬಿಚ್ಚಬೇಡಿ. ಧೂಳಿಲ್ಲದ ಕೋಣೆಯಲ್ಲಿ ಮಾತ್ರ ಅದನ್ನು ತೆರೆಯಬೇಕು. ರಿಕವರಿ ಮಾಡುವವರ ಹತ್ತಿರ ಮೊದಲೇ ಕೇಳಿ: ನೋಡುವುದಕ್ಕೆ ಎಷ್ಟು, ಏನೂ ಸಿಗದಿದ್ದರೆ ಎಷ್ಟು, ಸಿಕ್ಕ ಫೈಲ್‌ಗಳ ಪಟ್ಟಿ ದುಡ್ಡು ಕೊಡುವ ಮೊದಲು ತೋರಿಸುತ್ತೀರಾ ಅಂತ. ಉತ್ತರವನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಿ.

ಡಿಸ್ಕ್ ಚೆನ್ನಾಗಿದ್ದು ಕೈತಪ್ಪಿ ಅಳಿಸಿದ್ದರೆ ಬೇರೆ ಮಾತು. ಆ ಡಿಸ್ಕ್‌ಗೆ ಹೊಸದೇನನ್ನೂ ಬರೆಯಬೇಡಿ. ಇನ್ನೊಂದು ಡಿಸ್ಕ್‌ನಲ್ಲಿ ಫೋಟೊರೆಕ್ ಅನ್ನುವ, ಅಳಿಸಿದ ಫೈಲ್ ಹುಡುಕುವ ತಂತ್ರಾಂಶ ಹಾಕಿಕೊಂಡು ಹುಡುಕಿಸಿ. ಸಿಕ್ಕಿದ್ದನ್ನೂ ಆ ಇನ್ನೊಂದರಲ್ಲೇ ಉಳಿಸಿ.

ಕೊನೆಯದಾಗಿ ಒಂದು ಕಾಗದ

ಇಷ್ಟೆಲ್ಲ ನಿಮಗೊಬ್ಬರಿಗೇ ಗೊತ್ತಿದ್ದರೆ ಆಗದು. ಒಂದು ಹಾಳೆಯಲ್ಲಿ ಬರೆಯಿರಿ: ಯಾವ ಡಿಸ್ಕ್ ಎಲ್ಲಿದೆ, ಬೀಗದ ಪಾಸ್‌ವರ್ಡ್ ಯಾವುದು, ಕ್ಲೌಡ್ ಖಾತೆ ಯಾರ ಹೆಸರಲ್ಲಿದೆ, ಯಾವ ಫೋಲ್ಡರಿನಲ್ಲಿ ಏನಿದೆ. ಗೂಗಲ್ ಖಾತೆಯಲ್ಲಿ ಇನ್‌ಆಕ್ಟಿವ್ ಅಕೌಂಟ್ ಮ್ಯಾನೇಜರ್ ಅನ್ನುವುದನ್ನು ಹುಡುಕಿ, ನೀವು ಇಷ್ಟು ತಿಂಗಳು ಬಳಸದಿದ್ದರೆ ಮಾಹಿತಿ ಯಾರಿಗೆ ಸಿಗಬೇಕು ಅಂತ ಹೆಸರು ಕೊಡಿ. ನಾನು ಮಗಳ ಹೆಸರು ಕೊಟ್ಟಿದ್ದೇನೆ. ಹಾಳೆಯ ಒಂದು ಪ್ರತಿ ಇಲ್ಲಿನ ಬೀರುವಿನಲ್ಲಿದೆ, ಇನ್ನೊಂದು ತಿಪಟೂರಿನ ಅಕ್ಕನ ಹತ್ತಿರ.

ಅಮ್ಮನ 13 ಪದಗಳು ಈಗ ಹಳದಿ ಡಿಸ್ಕ್‌ನಲ್ಲಿ, ಕೆಂಪು ಡಿಸ್ಕ್‌ನಲ್ಲಿ, ಗೂಗಲ್ ಡ್ರೈವ್‌ನಲ್ಲಿ, ಅಕ್ಕನ ಫೋನಿನಲ್ಲಿ ಇವೆ. ಕೆಂಪು ಡಿಸ್ಕ್ ಸದ್ಯ ಊರಲ್ಲಿದೆ. ಗೌರಿ ಹಬ್ಬಕ್ಕೆ ಹೋದಾಗ ತರಬೇಕು.